ಹುಟ್ಟಿದ ವರ್ಷ ಗೊತ್ತಿರುವ ಹಬ್ಬ

1953ರ ನಡುಬೇಸಿಗೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಕ್ರೈಸ್ಟ್‌ಚರ್ಚ್ ಎಂಬ ಊರಿನ ಒಂದು ಮನೆಯಲ್ಲಿ ಮೂವರು ಸೇರಿದ್ದರು. ಮನೆಯೊಡತಿ ಈಡಿತ್ ವುಡ್‌ಫೋರ್ಡ್-ಗ್ರೈಮ್ಸ್. ಬಂದವರಲ್ಲಿ ಒಬ್ಬರು ಜೆರಾಲ್ಡ್ ಗಾರ್ಡ್ನರ್. ಆಗಷ್ಟೇ 69 ತುಂಬಿದ್ದ, ಕೆದರಿದ ಬಿಳಿಗೂದಲಿನ, ಮೋಟುಗಡ್ಡದ ಹಿರಿಯರು. ಇನ್ನೊಬ್ಬರು 31 ವರ್ಷದ ಡೊರೀನ್ ವ್ಯಾಲಿಯೆಂಟೆ. ಪೂಜಾಪೀಠದ ಮುಂದೆ ನಿಂತು ಗಾರ್ಡ್ನರ್ ತಮ್ಮ ಕೈಬರಹದ ಪುಸ್ತಕದಿಂದ ವಿಧಿಯನ್ನು ಓದಿದರು. ಡೊರೀನ್ ಅವರಿಗೆ ವಿಕ್ಕಾ ದೀಕ್ಷೆಯಾಯಿತು. ಅನಂತರ ಮೂವರೂ ಅಲ್ಲಿಂದ ಹೊರಟು ಪ್ರಾಚೀನ ಶಿಲಾವೃತ್ತವಾದ ಸ್ಟೋನ್‌ಹೆಂಜ್ ತಲುಪಿದರು. ಅಲ್ಲಿ ಪ್ರಾಚೀನ ಕೆಲ್ಟಿಕ್ ಪುರೋಹಿತರ ಹೆಸರಿನಲ್ಲಿ ನಡೆಯುವ ಡ್ರೂಯಿಡ್ ಪಂಥದವರು ಬೇಸಿಗೆ ಸೂರ್ಯನ ಆಚರಣೆಯಲ್ಲಿ ತೊಡಗಿದ್ದರು. ಅದಕ್ಕೆ ಬಳಸಿದ ಕತ್ತಿ ಗಾರ್ಡ್ನರ್ ಅವರದು, ಎರವಲು ಕೊಟ್ಟದ್ದು. ಶಿಲಾವೃತ್ತದಿಂದ ದೂರ ಒಂಟಿಯಾಗಿ ನಿಂತಿರುವ ಹೀಲ್ ಸ್ಟೋನ್ ಎಂಬ ಬಂಡೆಯಲ್ಲಿ ಅದನ್ನು ಇರಿಸಿ ವಿಧಿ ನಡೆಸಿದರು. ಮನೆಗೆ ಮರಳಿದ ಡೊರೀನ್ ಸ್ಟೋನ್‌ಹೆಂಜ್ ನೋಡಿ ಬಂದ ಸಂಗತಿಯನ್ನು ಗಂಡನಿಗೂ ತಾಯಿಗೂ ಹೇಳಿದರು. ದೀಕ್ಷೆಯ ಮಾತು ಮಾತ್ರ ಎತ್ತಲಿಲ್ಲ. ಹೇಳಿದ್ದರೆ ಇಬ್ಬರೂ ಒಪ್ಪುತ್ತಿರಲಿಲ್ಲ.

ಇಂದು ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ವಿಕ್ಕಾ ಮತದವರು ಆಚರಿಸುವ ಬೇಸಿಗೆಯ ಅಯನದ ಹಬ್ಬ ರೂಪುಗೊಂಡದ್ದು ಇಂಥ ಮನೆಗಳಲ್ಲಿ, ಇಂಥ ಕೆಲವೇ ಜನರ ನಡುವೆ. ವಿಕ್ಕಾ ಎಂದರೆ ಕೇಡು ಬಯಸುವ ಮಾಟ ಅಲ್ಲ. ಒಬ್ಬ ದೇವಿಯನ್ನೂ ಒಬ್ಬ ದೇವನನ್ನೂ ಪ್ರಕೃತಿಯಲ್ಲಿ ಕಾಣುವ, ಯಾರಿಗೂ ನೋವು ಮಾಡಬಾರದು ಎಂಬುದನ್ನೇ ಮುಖ್ಯ ನಿಯಮ ಮಾಡಿಕೊಂಡ ಮತ ಅದು. ಸೈತಾನನಿಗೆ ಅದರಲ್ಲಿ ಜಾಗವೇ ಇಲ್ಲ. ಜಗತ್ತಿನ ಬಹುಪಾಲು ಹಬ್ಬಗಳು ಯಾವ ವರ್ಷ ಶುರುವಾದವು, ಮೊದಲು ಆಚರಿಸಿದವರು ಯಾರು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಈ ಹಬ್ಬದ ವಿಷಯದಲ್ಲಿ ಮಾತ್ರ ಯಾವ ವಿಧಿಯನ್ನು ಯಾರು ಬರೆದರು, ಯಾವ ವರ್ಷ ಅದು ಪಂಚಾಂಗಕ್ಕೆ ಸೇರಿತು ಎಂಬುದೆಲ್ಲ ಬಹುಮಟ್ಟಿಗೆ ಗೊತ್ತಿದೆ. ಶಿಲಾಯುಗದಿಂದ ಕಡಿಯದೆ ಬಂದ ಪರಂಪರೆ ತಮ್ಮದು ಎಂದು ಹಿಂದಿನ ತಲೆಮಾರಿನ ಅನುಯಾಯಿಗಳು ಹೇಳುತ್ತಿದ್ದರು. ಹಾಗಿಲ್ಲವೆಂದು ತಿಳಿದ ಮೇಲೆ ಇದೆಲ್ಲ ಬರೀ ಕಟ್ಟುಕತೆ ಎಂದು ಟೀಕಾಕಾರರು ಕೈಬಿಟ್ಟರು. ಎರಡು ಮಾತೂ ಇತಿಹಾಸಕ್ಕೆ ನ್ಯಾಯ ಮಾಡುವುದಿಲ್ಲ.

ನಮ್ಮ ಕಡೆಯವರಿಗೆ ಅಯನದ ದಿನವಾದ ಜೂನ್ 21ರ ಹಗಲಿಗೆ ಅಂಥ ವಿಶೇಷ ಯಾಕೆ ಎಂಬ ಪ್ರಶ್ನೆ ಬರುವುದು ಸಹಜ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ನಡುವೆ ಸುಮಾರು ಒಂದೂವರೆ ಗಂಟೆಯ ಅಂತರ, ಅಷ್ಟೆ. ಸೂರ್ಯ ನೆತ್ತಿಯ ಮೇಲೆ ಬಂದು ನೆರಳು ಕಾಲಡಿಗೆ ಸೇರುವುದು ಏಪ್ರಿಲ್ 24ರ ಹಾಗೂ ಆಗಸ್ಟ್ 18ರ ಸುಮಾರಿಗೆ. ಜೂನ್‌ನಲ್ಲಿ ನಮ್ಮ ಕಣ್ಣು ಮುಂಗಾರಿನ ಮೋಡದ ಮೇಲೆ. ಸ್ಟೋನ್‌ಹೆಂಜ್ ಇರುವುದು 51 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಜೂನ್ 21ರ ಹಗಲು ಹದಿನಾರೂವರೆ ಗಂಟೆಗೂ ಹೆಚ್ಚು. ಡಿಸೆಂಬರ್ ಕೊನೆಗೆ ಅದು ಎಂಟು ಗಂಟೆಗಿಂತಲೂ ಕೆಳಗೆ ಇಳಿಯುತ್ತದೆ. ಎಂಟೊಂಬತ್ತು ಗಂಟೆ ಬೆಳಕು ಕೈತಪ್ಪಿ ಹೋಗುವ ನಾಡಿನಲ್ಲಿ, ಬೆಳಕು ತುದಿ ಮುಟ್ಟಿ ಇನ್ನು ಇಳಿಯಲಿದೆ ಎನ್ನುವ ದಿನ ಜನರ ಮನಸ್ಸನ್ನು ಹಿಡಿದದ್ದರಲ್ಲಿ ಆಶ್ಚರ್ಯವೇನಿದೆ?

ಹಿಡಿದದ್ದಕ್ಕೆ ಹಳೆಯ ದಾಖಲೆಗಳೂ ಇವೆ. ಮಧ್ಯಯುಗದ ಯೂರೋಪಿನಲ್ಲಿ ಜೂನ್ 24 ಸ್ನಾನಿಕ ಯೋಹಾನನ ಜನ್ಮದಿನ. ಅದರ ಹಿಂದಿನ ರಾತ್ರಿ ಊರೂರುಗಳಲ್ಲಿ ಬೆಂಕಿ ಹಾಕುತ್ತಿದ್ದರು. ಶ್ರಾಪ್‌ಶೈರ್‌ನ ಲಿಲ್ಲೆಶಾಲ್ ಮಠದಲ್ಲಿದ್ದ ಜಾನ್ ಮಿರ್ಕ್ ಎಂಬ ಪಾದ್ರಿ 14ನೇ ಶತಮಾನದ ಕೊನೆಗೆ ಬರೆದ ಪ್ರವಚನಗಳಲ್ಲಿ ಆ ರಾತ್ರಿ ಮೂರು ಬಗೆಯ ಬೆಂಕಿ ಇರುತ್ತಿದ್ದವೆಂದು ಹೇಳಿದ್ದಾನೆ: ಬರೀ ಮೂಳೆಯದೊಂದು, ಬರೀ ಕಟ್ಟಿಗೆಯದೊಂದು, ಎರಡೂ ಬೆರೆತದ್ದೊಂದು. ಮೂಳೆಯ ಹೊಗೆಯ ನಾತಕ್ಕೆ ದುಷ್ಟಶಕ್ತಿಗಳು ಓಡಿಹೋಗುತ್ತವೆಂಬ ನಂಬಿಕೆ. ಲಂಡನ್ನಿನ ಹಬ್ಬವನ್ನು 1598ರಲ್ಲಿ ಇತಿಹಾಸಕಾರ ಜಾನ್ ಸ್ಟೋ ನೆನಪಿನಿಂದ ದಾಖಲಿಸಿದ. ಮನೆಬಾಗಿಲಿಗೆ ಬರ್ಚ್ ಮರದ ಕೊಂಬೆ, ದೊಡ್ಡಸೋಂಪಿನ ಸೊಪ್ಪು, ಹಳದಿ ಹೂವಿನ ಸೇಂಟ್ ಜಾನ್ಸ್ ವರ್ಟ್ ಗಿಡ, ಬಿಳಿ ಲಿಲಿ ಕಟ್ಟುತ್ತಿದ್ದರು. ರಾತ್ರಿಯಿಡೀ ಎಣ್ಣೆದೀಪ ಉರಿಯುತ್ತಿತ್ತು. ಅನುಕೂಲಸ್ಥರು ಬೆಂಕಿಯ ಹತ್ತಿರ ಮೇಜು ಹಾಕಿ ರೊಟ್ಟಿ, ಪಾನೀಯ ಇಟ್ಟು ನೆರೆಯವರನ್ನು ಕರೆಯುತ್ತಿದ್ದರು. ಮಾತು ಬಿಟ್ಟವರು ಆ ರಾತ್ರಿ ರಾಜಿಯಾಗುತ್ತಿದ್ದರಂತೆ. ನಮ್ಮ ಸಂಕ್ರಾಂತಿಯ ಎಳ್ಳುಬೆಲ್ಲದ ಹಿಂದಿರುವ ಆಸೆಯೇ ಅಲ್ಲಿಯೂ ಇತ್ತು.

ಪ್ರೊಟೆಸ್ಟಂಟ್ ಸುಧಾರಣೆ ಬಂದ ಮೇಲೆ ಇಂಗ್ಲೆಂಡಿನ ಬಹುಭಾಗದಲ್ಲಿ ಈ ಬೆಂಕಿಗಳು ಆರಿದವು. ಐರ್ಲೆಂಡಿನ ಪಶ್ಚಿಮದಲ್ಲಿ ಉಳಿದವು. ಕಾರ್ನ್‌ವಾಲ್‌ನಲ್ಲಿ ಆರುತ್ತ ಬಂದದ್ದನ್ನು 1920ರ ದಶಕದ ಕೊನೆಗೆ ಅಲ್ಲಿನ ಭಾಷಾಭಿಮಾನಿಗಳು ಹಟ ತೊಟ್ಟು ಮತ್ತೆ ಹೊತ್ತಿಸಿದರು. ಈ ಬೆಂಕಿ ಹಾಕುತ್ತಿದ್ದವರು ಊರಿನ ಸಾಮಾನ್ಯ ಕ್ರೈಸ್ತರು. ಗುಟ್ಟಾಗಿ ಹಳೆಯ ದೇವತೆಗಳನ್ನು ಪೂಜಿಸುವ ಮಾಟಗಾತಿಯರ ಸಂಘಟನೆಯೊಂದು ಇದರ ಹಿಂದೆ ಇತ್ತೆಂಬುದಕ್ಕೆ ಯಾವ ಆಧಾರವೂ ಇಲ್ಲ.

ಇತ್ತು ಎಂದು ವಾದಿಸಿದವರು ಮಾರ್ಗರೆಟ್ ಮರ್ರೆ. ಈಜಿಪ್ಟ್ ಪುರಾತತ್ವದಲ್ಲಿ ಹೆಸರಾದ ವಿದ್ವಾಂಸೆ. 1921ರ ತಮ್ಮ ಪುಸ್ತಕದಲ್ಲಿ ಅವರು, ಯೂರೋಪಿನಲ್ಲಿ ಮಾಟಗಾತಿಯರೆಂದು ವಿಚಾರಣೆಗೆ ಒಳಗಾದವರು ಕ್ರೈಸ್ತಪೂರ್ವ ಧರ್ಮವೊಂದರ ಅನುಯಾಯಿಗಳು ಎಂದರು. ಮುಂದೆ ಇತಿಹಾಸಕಾರರು ಅದನ್ನು ತಳ್ಳಿಹಾಕಿದರೂ ಆ ಕಾಲಕ್ಕೆ ಆ ವಾದ ಬಹಳ ಜನರ ಕಲ್ಪನೆಯನ್ನು ಸೆಳೆಯಿತು. ಗಮನಿಸಬೇಕಾದ ಸಂಗತಿಯೊಂದಿದೆ. ಮರ್ರೆ ಆ ಧರ್ಮಕ್ಕೆ ಕೊಟ್ಟ ನಾಲ್ಕು ದೊಡ್ಡ ಹಬ್ಬಗಳು ಫೆಬ್ರವರಿ, ಮೇ, ಆಗಸ್ಟ್, ನವೆಂಬರ್‌ಗಳ ಆರಂಭಕ್ಕೆ ಬೀಳುತ್ತವೆ. ಅವುಗಳಲ್ಲಿ ಜೂನ್ ಇರಲಿಲ್ಲ.

ಮರ್ರೆಯ ಪುಸ್ತಕವನ್ನು ಜೀವಂತ ಧರ್ಮವಾಗಿ ಮಾಡಿದವರು ಗಾರ್ಡ್ನರ್. 1884ರಲ್ಲಿ ಲಿವರ್‌ಪೂಲ್ ಹತ್ತಿರದ ಮರದ ವ್ಯಾಪಾರಿ ಮನೆತನದಲ್ಲಿ ಹುಟ್ಟಿದ ಅವರು ಬಾಲ್ಯದಿಂದ ಉಬ್ಬಸದ ರೋಗಿ. ಸಿಲೋನಿನ ಚಹಾ ತೋಟ, ಬೋರ್ನಿಯೊ, ಮಲಯ ಎಂದು ಏಷ್ಯಾದಲ್ಲೇ ದುಡಿಮೆಯ ಕಾಲ ಕಳೆದರು. ಮಲಯದ ಸುಂಕದ ಇಲಾಖೆಯಲ್ಲಿದ್ದಾಗ ಅಲ್ಲಿನ ಡೊಂಕು ಅಲಗಿನ ಕ್ರಿಸ್ ಕಠಾರಿಗಳ ಬೆನ್ನು ಹತ್ತಿ 1936ರಲ್ಲಿ ಅವುಗಳ ಬಗ್ಗೆ ಪುಸ್ತಕವನ್ನೇ ಬರೆದರು. ಕತ್ತಿ, ಕಠಾರಿಗಳಿಗೆ ಮುಂದೆ ವಿಕ್ಕಾ ವಿಧಿಗಳಲ್ಲಿ ಅಷ್ಟು ಜಾಗ ಸಿಕ್ಕಿದ್ದಕ್ಕೆ ಈ ಒಲವೂ ಒಂದು ಕಾರಣ ಎಂದೇ ನನಗನ್ನಿಸುತ್ತದೆ. ನಿವೃತ್ತರಾಗಿ ಊರಿಗೆ ಬಂದು, 1939ರಲ್ಲಿ ನ್ಯೂ ಫಾರೆಸ್ಟ್ ಪ್ರದೇಶದ ಒಂದು ಗುಪ್ತ ಬಳಗ ತಮಗೆ ದೀಕ್ಷೆ ಕೊಟ್ಟಿತು ಎಂದು ಅವರು ಹೇಳಿಕೊಂಡರು. 1735ರ ಮಾಟ ನಿಷೇಧ ಕಾಯ್ದೆ 1951ರಲ್ಲಿ ರದ್ದಾಯಿತು. ಬಾಯಿ ಬಿಟ್ಟು ಮಾತಾಡಲು ದಾರಿ ಸುಗಮವಾಯಿತು. 1954ರಲ್ಲಿ ‘ವಿಚ್‌ಕ್ರಾಫ್ಟ್ ಟುಡೇ’ ಹೊರಬಂತು, ಮುನ್ನುಡಿ ಬರೆದವರು ಸ್ವತಃ ಮಾರ್ಗರೆಟ್ ಮರ್ರೆ.

ಆದರೆ ಗಾರ್ಡ್ನರ್ ಬಳಿ ಇದ್ದ ವಿಧಿಗಳ ಪುಸ್ತಕ ತುಂಡುತುಂಡಾಗಿತ್ತು. ಓದಿಕೊಂಡಿದ್ದ ಡೊರೀನ್ ಅವರಿಗೆ ಅದರಲ್ಲಿನ ಎಷ್ಟೋ ಸಾಲುಗಳು ಮಂತ್ರವಿದ್ಯೆಯ ಲೇಖಕ ಅಲೀಸ್ಟರ್ ಕ್ರೌಲಿಯ ಬರಹದಿಂದ ಬಂದವೆಂದು ಕೂಡಲೇ ಗೊತ್ತಾಯಿತು, ಗಾರ್ಡ್ನರ್ ಅವರ ಮುಂದೆ ಅದನ್ನು ಹೇಳಿಯೂ ಬಿಟ್ಟರು. ಹಾಗಾದರೆ ನೀವೇ ಚೆನ್ನಾಗಿ ಬರೆಯಿರಿ ಎಂದು ಅವರು ಕೆಲಸ ಒಪ್ಪಿಸಿದರು. ಅದೇ 1953ರ ಚಳಿಗಾಲದ ಅಯನದ ದಿನ ಊಟವಾದ ಮೇಲೆ, ಸಂಜೆಯ ಆಚರಣೆಗೆ ಬೇಕಾದ ಮಾತುಗಳನ್ನು ಸಿದ್ಧಪಡಿಸುವಂತೆ ದಿಢೀರನೆ ಹೇಳಿದರು. ಡೊರೀನ್ ಕೂತು ಬರೆದರು. ಆ ಮಧ್ಯಾಹ್ನದ ರಚನೆಯನ್ನು ವಿಕ್ಕಾ ಬಳಗಗಳು ಇಂದಿಗೂ ಬಳಸುತ್ತವೆ. ಒಂದು ಮತದ ಪ್ರಾರ್ಥನೆ ಹುಟ್ಟಿದ ಹೊತ್ತನ್ನೂ ಹೇಳಬಲ್ಲ ಸಂದರ್ಭಗಳು ಎಷ್ಟಿವೆ?

ಗಾರ್ಡ್ನರ್ ಬಳಗದ ನಡುಬೇಸಿಗೆಯ ವಿಧಿಯನ್ನು ಹತ್ತಿರದಿಂದ ನೋಡೋಣ. ಮೊದಲು ಕಠಾರಿಯಿಂದ ನೆಲದ ಮೇಲೆ ವೃತ್ತ ಎಳೆದು ನಾಲ್ಕು ದಿಕ್ಕುಗಳನ್ನು ಆಹ್ವಾನಿಸುತ್ತಾರೆ. ಪೂಜಾಪೀಠದ ಮುಂದೆ ನೀರು ತುಂಬಿದ ಕಡಾಯಿ. ಅದರ ಸುತ್ತ ಬೇಸಿಗೆಯ ಹೂಗಳ ಹಾರ. ಗಂಡಸರು, ಹೆಂಗಸರು ಒಬ್ಬರಾದ ಮೇಲೊಬ್ಬರಂತೆ ವೃತ್ತದಲ್ಲಿ ನಿಲ್ಲುತ್ತಾರೆ. ಗಾರ್ಡ್ನರ್ ಸಂಪ್ರದಾಯದವರು ದಿಗಂಬರರಾಗಿ, ಉಳಿದ ಅನೇಕರು ನಿಲುವಂಗಿ ತೊಟ್ಟು. ಪ್ರಧಾನ ಅರ್ಚಕಿ ಉತ್ತರದಲ್ಲಿ ನಿಂತು ದಂಡ ಎತ್ತಿ ಸೂರ್ಯನನ್ನು ಕರೆಯುತ್ತಾಳೆ. ಅರ್ಚಕ ಪ್ರದಕ್ಷಿಣೆಯಾಗಿ ಬಂದು ದಂಡವನ್ನು ಪಡೆದು ಕಡಾಯಿಯ ನೀರಿನಲ್ಲಿ ನೆಟ್ಟಗೆ ಅದ್ದಿ ಹಿಡಿಯುತ್ತಾನೆ. ಬೆಳಕು ನೀರಿಗೆ ಇಳಿದು ಭೂಮಿಯನ್ನು ಫಲವತ್ತಾಗಿ ಮಾಡಿತು ಎಂಬುದು ಇದರ ಭಾವ. ಆಮೇಲೆ ಆ ನೀರನ್ನು ಎಲ್ಲರ ಮೇಲೆ ಚಿಮುಕಿಸುತ್ತಾರೆ. ಕುಣಿತ, ಕೊನೆಗೆ ಕೇಕ್ ಹಾಗೂ ದ್ರಾಕ್ಷಾರಸ. ಹೊರಗಡೆ ಅನುಕೂಲವಿದ್ದವರು ಬೆಂಕಿಯನ್ನೂ ಹಾಕುತ್ತಾರೆ. ನೀರನ್ನು ನಡುವಿಗಿಟ್ಟದ್ದೇ ಈ ವಿಧಿಯಲ್ಲಿ ನನಗೆ ಬಹಳ ಹಿಡಿಸಿದ ಅಂಶ. ಸೂರ್ಯ ಶಿಖರ ಮುಟ್ಟಿದ ದಿನ ಬರೀ ಬೆಂಕಿಯನ್ನೇ ಮೆರೆಸದೆ, ಬಿಸಿಲಿಗೆ ಬೆಲೆ ಬರುವುದು ನೀರಿನಿಂದ ಎಂಬುದನ್ನು ಬರೆದವರು ಮರೆಯಲಿಲ್ಲ.

ಆಗಿನ್ನೂ ಇದು ಸಣ್ಣ ಹಬ್ಬ. ಮರ್ರೆ ಹೇಳಿದ ನಾಲ್ಕೇ ದೊಡ್ಡವು. ಅಯನ ಹಾಗೂ ವಿಷುವ ದಿನಗಳ ಆಚರಣೆಯನ್ನು ಹತ್ತಿರದ ಹುಣ್ಣಿಮೆಯ ಕೂಟಕ್ಕೆ ಸೇರಿಸಿ ಮುಗಿಸುತ್ತಿದ್ದರು. ಬದಲಾವಣೆ ಬಂದದ್ದು 1958ರಲ್ಲಿ. ಹರ್ಟ್‌ಫರ್ಡ್‌ಶೈರ್‌ನ ಬ್ರಿಕೆಟ್ ವುಡ್‌ನಲ್ಲಿ ನಗ್ನತಾವಾದಿಗಳ ಕ್ಲಬ್ಬಿನ ಆವರಣದೊಳಗೆ ಒಂದು ಹಳೆಯ ಮರದ ಕುಟೀರವಿತ್ತು. ಗಾರ್ಡ್ನರ್ ಬಳಗ ಸೇರುತ್ತಿದ್ದದ್ದು ಅಲ್ಲಿ. ಅಯನ, ವಿಷುವಗಳ ನಾಲ್ಕು ದಿನಗಳಿಗೂ ಪೂರ್ಣ ಹಬ್ಬದ ಮಾನ ಬೇಕು, ಅವುಗಳ ದಿನದಂದೇ ಆಚರಣೆ ನಡೆಯಬೇಕು ಎಂದು ಬಳಗದ ಸದಸ್ಯರು ಕೇಳಿದರು. ಗಾರ್ಡ್ನರ್ ಒಪ್ಪಿದರು. ಪ್ರಚಾರದ ವಿಷಯದಲ್ಲಿ ಅವರೊಡನೆ ಜಗಳವಾಗಿ ಡೊರೀನ್ ಅದರ ಹಿಂದಿನ ವರ್ಷವೇ ಬಳಗ ಬಿಟ್ಟಿದ್ದರು.

ಗಾರ್ಡ್ನರ್ ಅವರ ಗೆಳೆಯ ರಾಸ್ ನಿಕೋಲ್ಸ್ ಡ್ರೂಯಿಡ್ ಪಂಥದವರು. ಡ್ರೂಯಿಡರಿಗೆ ಬೇಸಿಗೆಯ ಅಯನ ಮೊದಲಿನಿಂದಲೂ ದೊಡ್ಡದು. 1964ರಲ್ಲಿ ನಿಕೋಲ್ಸ್ ತಮ್ಮದೇ ಸಂಘ ಕಟ್ಟಿದಾಗ ಅವರೂ ಎಂಟು ಹಬ್ಬಗಳ ಪಟ್ಟಿಯನ್ನೇ ತಂದರು. ಹೀಗೆ ಒಂದು ಪಂಥದ ನಾಲ್ಕು, ಇನ್ನೊಂದರ ಸೂರ್ಯದಿನಗಳು ಕೂಡಿ ಇಂದು ‘ವರ್ಷಚಕ್ರ’ ಎಂದು ಹೆಸರಾದ ಪಂಚಾಂಗ ಸಿದ್ಧವಾಯಿತು. ಗಾರ್ಡ್ನರ್ ಅದೇ 1964ರ ಫೆಬ್ರವರಿಯಲ್ಲಿ ಹಡಗಿನ ಪ್ರಯಾಣದಲ್ಲಿ ತೀರಿಕೊಂಡರು. ಅವರನ್ನು ಮಣ್ಣು ಮಾಡಿದ್ದು ಟ್ಯುನೀಷಿಯಾದಲ್ಲಿ.

ಹಬ್ಬಕ್ಕೆ ಕತೆ ಬಂದದ್ದು ಇನ್ನೂ ತಡವಾಗಿ. ಓಕ್ ರಾಜ ಏರುವ ಸೂರ್ಯನ ಅರ್ಧವರ್ಷವನ್ನು ಆಳುತ್ತಾನೆ, ಹಾಲಿ ಗಿಡದ ರಾಜ ಇಳಿಯುವ ಅರ್ಧವನ್ನು. ನಡುಬೇಸಿಗೆಯಂದು ಇಬ್ಬರೂ ಕಾದಾಡಿ ಓಕ್ ರಾಜ ಸೋಲುತ್ತಾನೆ. ಈ ಇಬ್ಬರು ರಾಜರ ಕಲ್ಪನೆಯನ್ನು ಬೆಳೆಸಿದ್ದು ಕವಿ ರಾಬರ್ಟ್ ಗ್ರೇವ್ಸ್, 1948ರ ‘ದಿ ವೈಟ್ ಗಾಡೆಸ್’ ಕೃತಿಯಲ್ಲಿ. ಐರ್ಲೆಂಡಿನಲ್ಲಿ ನೆಲೆಸಿದ್ದ ಜಾನೆಟ್ ಹಾಗೂ ಸ್ಟೂವರ್ಟ್ ಫೆರಾರ್ ದಂಪತಿ 1981ರ ತಮ್ಮ ಪುಸ್ತಕದಲ್ಲಿ ಅದನ್ನು ಆಡಿ ತೋರಿಸುವ ವಿಧಿಯಾಗಿ ಬರೆದರು. ಈಗ ಎಷ್ಟೋ ಕಡೆ ಎಲೆಯ ಕಿರೀಟ ತೊಟ್ಟ ಇಬ್ಬರ ಕಾಳಗವಿಲ್ಲದೆ ಹಬ್ಬವೇ ಇಲ್ಲ. ಈ ಹಬ್ಬಕ್ಕಿರುವ ‘ಲೀಥಾ’ ಎಂಬ ಹೆಸರು ಕೂಡ 1974ರದು. ಅದನ್ನು ಇಟ್ಟವರು ಕ್ಯಾಲಿಫೋರ್ನಿಯಾದ ಏಡನ್ ಕೆಲಿ, ತೆಗೆದುಕೊಂಡದ್ದು 725ರಲ್ಲಿ ಬೀಡ್ ಎಂಬ ಸನ್ಯಾಸಿ ಬರೆದಿಟ್ಟ ಆಂಗ್ಲೋ-ಸ್ಯಾಕ್ಸನ್ ತಿಂಗಳ ಹೆಸರುಗಳಿಂದ. ಅಮೆರಿಕದಲ್ಲಿ ಹಬ್ಬ ಬಯಲಿಗೆ ಬಂತು. 1980ರಿಂದ ಅಲ್ಲಿ ‘ಪೇಗನ್ ಸ್ಪಿರಿಟ್ ಗ್ಯಾದರಿಂಗ್’ ಎಂಬ ಶಿಬಿರ ಈ ಅಯನದ ವಾರದಲ್ಲೇ ನಡೆಯುತ್ತ ಬಂದಿದೆ. ಆಸ್ಟ್ರೇಲಿಯಾದವರು ತಮ್ಮ ಬೇಸಿಗೆ ನೋಡಿಕೊಂಡು ಹಬ್ಬವನ್ನು ಡಿಸೆಂಬರಿಗೆ ಒಯ್ದರು. ಸರಿಯಾದ ನಡೆ. ಸೂರ್ಯನ ಹಬ್ಬವನ್ನು ಕ್ಯಾಲೆಂಡರಿಗಿಂತ ಆಕಾಶ ನೋಡಿ ಆಚರಿಸಬೇಕು.

ಈ ಮತದವರ ಬಗ್ಗೆ ನನ್ನ ಗೌರವ ಹೆಚ್ಚಿದ್ದು ಇನ್ನೊಂದು ಸಂಗತಿಯಿಂದ. ತಮಗೆ ದೀಕ್ಷೆ ಕೊಟ್ಟ ಬಳಗದವರೆಂದು ಗಾರ್ಡ್ನರ್ ಹೇಳುತ್ತಿದ್ದ ‘ಓಲ್ಡ್ ಡೊರೊತಿ’ ಎಂಬ ಮಹಿಳೆ ಇದ್ದದ್ದೇ ಸುಳ್ಳು ಎಂದು ಒಬ್ಬ ಇತಿಹಾಸಕಾರ ಬರೆದಾಗ, 1980ರಲ್ಲಿ ಡೊರೀನ್ ವ್ಯಾಲಿಯೆಂಟೆ ತಾವೇ ದಾಖಲೆಗಳನ್ನು ಜಾಲಾಡಿದರು. ಡೊರೊತಿ ಕ್ಲಟರ್‌ಬಕ್ ಅವರ ಜನನ, ಮರಣದ ದಾಖಲೆ ಪತ್ತೆ ಮಾಡಿದರು. ಆಕೆ ಹುಟ್ಟಿದ್ದು 1880ರಲ್ಲಿ, ಭಾರತದ ಬಂಗಾಳದಲ್ಲಿ, ಸೇನಾಧಿಕಾರಿಯೊಬ್ಬರ ಮಗಳಾಗಿ. ವ್ಯಕ್ತಿ ಇದ್ದದ್ದು ನಿಜವೆಂದಾಯಿತು, ಮಾಟದ ಬಳಗದಲ್ಲಿದ್ದರೆಂಬುದು ಅದರಿಂದ ಸಾಬೀತಾಗಲಿಲ್ಲ. 1999ರಲ್ಲಿ ಇತಿಹಾಸಕಾರ ರೊನಾಲ್ಡ್ ಹಟನ್ ‘ದಿ ಟ್ರಯಂಫ್ ಆಫ್ ದಿ ಮೂನ್’ ಪುಸ್ತಕದಲ್ಲಿ ವಿಕ್ಕಾ 20ನೇ ಶತಮಾನದ ಸೃಷ್ಟಿ ಎಂದು ದಾಖಲೆಸಮೇತ ತೋರಿಸಿದಾಗ, ಕೆಲವರು ಸಿಟ್ಟಾದರೂ ಬಹಳಷ್ಟು ಅನುಯಾಯಿಗಳು ಆ ಪುಸ್ತಕವನ್ನು ಒಪ್ಪಿಕೊಂಡರು. ಹಬ್ಬ ನಿಲ್ಲಲಿಲ್ಲ.

ಸ್ಟೋನ್‌ಹೆಂಜ್‌ನ ಕತೆ ಇದಕ್ಕಿಂತ ಒರಟು. ದೊಡ್ಡ ಸಾರ್ಸೆನ್ ಬಂಡೆಗಳನ್ನು ನಿಲ್ಲಿಸಿದ್ದು ಕ್ರಿ.ಪೂ. 2500ರ ಸುಮಾರಿಗೆ. ಅದರ ಅಕ್ಷ ಒಂದು ಕಡೆ ಬೇಸಿಗೆ ಅಯನದ ಸೂರ್ಯೋದಯಕ್ಕೆ, ಎದುರು ಕಡೆ ಚಳಿಗಾಲದ ಅಯನದ ಸೂರ್ಯಾಸ್ತಕ್ಕೆ ಹೊಂದುತ್ತದೆ. ಹತ್ತಿರದ ಡರಿಂಗ್ಟನ್ ವಾಲ್ಸ್‌ನಲ್ಲಿ ಸಿಕ್ಕ ಹಂದಿಯ ಹಲ್ಲುಗಳನ್ನು ನೋಡಿದರೆ ಅಲ್ಲಿನ ದೊಡ್ಡ ಔತಣಗಳು ನಡುಚಳಿಗಾಲದವು. ಹಾಗಾಗಿ ಕಟ್ಟಿದವರಿಗೆ ಡಿಸೆಂಬರೇ ಮುಖ್ಯವಾಗಿದ್ದಿರಬಹುದು. ಜೂನ್‌ನ ಮುಂಜಾವು ನಮ್ಮ ಕಾಲದವರದು. 1974ರಿಂದ ಪ್ರತಿ ಜೂನ್‌ನಲ್ಲಿ ಅಲ್ಲಿ ಉಚಿತ ಸಂಗೀತೋತ್ಸವ ನಡೆಯತೊಡಗಿತು. 1984ರ ಹೊತ್ತಿಗೆ ಹತ್ತಾರು ಸಾವಿರ ಜನ. ಅವರಲ್ಲಿ ವಿಕ್ಕಾದವರು ಸ್ವಲ್ಪ, ಅಲೆಮಾರಿಗಳು, ಸಂಗೀತಗಾರರು, ಡ್ರೂಯಿಡರೇ ಹೆಚ್ಚು. ಸ್ಮಾರಕಕ್ಕೆ ಹಾನಿಯಾಗುತ್ತದೆ ಎಂದು 1985ರಲ್ಲಿ ಉತ್ಸವಕ್ಕೆ ನ್ಯಾಯಾಲಯದ ತಡೆ ಬಂತು. ಜೂನ್ 1ರಂದು ಸುಮಾರು 1,300 ಪೊಲೀಸರು ಅಲೆಮಾರಿಗಳ ವಾಹನಗಳ ಸಾಲನ್ನು ಅಡ್ಡಗಟ್ಟಿದರು. ಹುರುಳಿಕಾಯಿ ಹೊಲವೊಂದಕ್ಕೆ ನುಗ್ಗಿದ ಬಸ್ಸುಗಳ ಗಾಜು ಒಡೆದರು, ಒಳಗಿದ್ದವರನ್ನು ಎಳೆದು ಹೊಡೆದರು. 537 ಜನರ ಬಂಧನವಾಯಿತು. ಅದನ್ನು ಕಣ್ಣಾರೆ ಕಂಡ ಕಾರ್ಡಿಗನ್ ಅರ್ಲ್, ಕುಲೀನ ಮನೆತನದ ಜಮೀನ್ದಾರರು, ನ್ಯಾಯಾಲಯದಲ್ಲಿ ಪೊಲೀಸರ ವಿರುದ್ಧ ಸಾಕ್ಷಿ ಹೇಳಿದರು. 1991ರಲ್ಲಿ 21 ಜನರಿಗೆ 24,000 ಪೌಂಡ್ ಪರಿಹಾರ ಘೋಷಣೆಯಾಯಿತು. ಮೊಕದ್ದಮೆಯ ಖರ್ಚು ಅದನ್ನು ನುಂಗಿತು.

ಮುಂದಿನ ವರ್ಷಗಳಲ್ಲಿ ಜೂನ್ ಬಂತೆಂದರೆ ಬಂಡೆಗಳ ಸುತ್ತ ನಾಲ್ಕು ಮೈಲಿ ನಿಷೇಧವಲಯ. 1995ರಲ್ಲಿ ಪಕ್ಕದ ರಸ್ತೆಯ ಹುಲ್ಲಿನ ಅಂಚಿನಲ್ಲಿ ಶಾಂತವಾಗಿ ನಿಂತಿದ್ದಕ್ಕೆ ಬಂಧಿತರಾದ ಇಬ್ಬರು ಪಟ್ಟು ಬಿಡದೆ ಹೋರಾಡಿದರು. 1999ರ ಮಾರ್ಚ್ 4ರಂದು, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್, ಸಾರ್ವಜನಿಕ ರಸ್ತೆಯಲ್ಲಿ ಯಾರಿಗೂ ಅಡ್ಡಿಯಾಗದಂತೆ ಸೇರುವುದು ಅತಿಕ್ರಮಣವಲ್ಲ ಎಂದು 3-2 ಬಹುಮತದ ತೀರ್ಪು ಕೊಟ್ಟಿತು. ಮರುವರ್ಷ, 2000ದ ಜೂನ್‌ನಲ್ಲಿ, ಸ್ಮಾರಕವನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಅಯನದ ರಾತ್ರಿಗೆ ಬಾಗಿಲು ತೆರೆಯಿತು. ಮೊದಲ ವರ್ಷ ಆರು ಸಾವಿರದಷ್ಟು ಜನ ಬಂದರು. 2014ರಲ್ಲಿ ಮೂವತ್ತಾರು ಸಾವಿರ.

ಡೊರೀನ್ ಅದನ್ನು ನೋಡಲಿಲ್ಲ. 1999ರ ಸೆಪ್ಟೆಂಬರ್ 1ರಂದು ತೀರಿಕೊಂಡಿದ್ದರು. ದೀಕ್ಷೆಯಾಗಿ ಅರವತ್ತು ವರ್ಷಕ್ಕೆ, 2013ರ ನಡುಬೇಸಿಗೆಯಂದು, ಬ್ರೈಟನ್‌ನಲ್ಲಿ ಅವರು ಬಾಡಿಗೆಗಿದ್ದ ಸರ್ಕಾರಿ ವಸತಿ ಸಮುಚ್ಚಯದ ಗೋಡೆಗೆ ನೀಲಿ ಸ್ಮರಣಫಲಕ ಹಾಕಿದರು. 2021ರ ಜನಗಣತಿಯಲ್ಲಿ ಇಂಗ್ಲೆಂಡ್, ವೇಲ್ಸ್‌ಗಳ ಸುಮಾರು 13,000 ಜನ ತಮ್ಮ ಮತ ವಿಕ್ಕಾ ಎಂದು ಬರೆಸಿದ್ದಾರೆ, 74,000 ಜನ ಇಂಥ ಪ್ರಕೃತಿಪೂಜಕ ಮತಗಳ ಸಾಮಾನ್ಯ ಹೆಸರಾದ ಪೇಗನ್ ಎಂದು.

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಒಂದು ವರ್ಷವಾದರೂ ಆ ರಾತ್ರಿ ಸ್ಟೋನ್‌ಹೆಂಜ್‌ಗೆ ಹೋಗಿ ಬನ್ನಿ. ಲಂಡನ್ನಿನಿಂದ ಸುಮಾರು 140 ಕಿಲೋಮೀಟರ್ ದೂರ. ಪ್ರವೇಶಕ್ಕೆ ಟಿಕೆಟ್ ಇಲ್ಲ, ವಾಹನ ನಿಲ್ಲಿಸಲು ಮಾತ್ರ ಹಣ ಕೊಡಬೇಕು. ಜೂನ್ ಆದರೂ ಬಯಲಿನಲ್ಲಿ ಚಳಿ ಇರುತ್ತದೆ, ಸ್ವೆಟರ್ ಮರೆಯಬೇಡಿ. ಬಂಡೆಗಳನ್ನು ಹತ್ತಬೇಡಿ, ಅವುಗಳ ಮೇಲೆ ಬೆಳೆದ ಕಲ್ಲುಹೂವನ್ನು ಕೆರೆಯಬೇಡಿ. ಪಕ್ಕದಲ್ಲಿ ಯಾರಾದರೂ ಹೂವಿನ ಕಿರೀಟ ತೊಟ್ಟು ಸೂರ್ಯನಿಗೆ ಕಾದಿದ್ದರೆ ಅವರ ಆಚರಣೆ ಏನೆಂದು ಧೈರ್ಯವಾಗಿ ಕೇಳಿ.